ಲೆಕ್ಕ ಕೊಡಿ – 4: ಶಾಂಪೇನ್ ಚಿಮ್ಮಿಸೋ ಮುಂಚೆ

1967ರಲ್ಲಿ ಲ ಮಾನ್ ರೇಸ್ ಗೆದ್ದ ಡ್ಯಾನ್ ಗರ್ನಿ ಖುಷಿಗೆ ಶಾಂಪೇನ್ ಬಾಟಲಿ ಅಲ್ಲಾಡಿಸಿ ಎಲ್ಲರ ಮೇಲೂ ಚಿಮ್ಮಿಸಿದ. ಅಲ್ಲಿಂದ ಅದು ಶಾಸ್ತ್ರ ಆಗೋಯ್ತು. ಈಗ ನಮ್ಮ ಬರ್ತ್‌ಡೇ ರೀಲ್‌ಗಳಿಗೂ ಬಂದಿದೆ. ಕೆಳಗೆ ಒಂದು ಕಾಮೆಂಟ್ ಗ್ಯಾರಂಟಿ: "ಗ್ಯಾಸ್ ತುಂಬಿದ ದ್ರಾಕ್ಷಿ ರಸಕ್ಕೆ ಇಷ್ಟು ರೇಟಾ? ಬರೀ ಬ್ರ್ಯಾಂಡ್ ದುಡ್ಡು."

ಅಲ್ಲ ಗುರು. ಗ್ಯಾಸ್ ತುಂಬೋದು ಸೋಡಾಕ್ಕೆ. ಫ್ರಾನ್ಸಿನ ಶಾಂಪೇನ್ ಸೀಮೆಯಲ್ಲಿ ಗುಳ್ಳೆ ಬಾಟಲಿಯೊಳಗೇ ಹುಟ್ಟಬೇಕು. ಮೊದಲು ಸಾದಾ ವೈನ್ ಮಾಡ್ತಾರೆ. ಅದಕ್ಕೆ ಲೀಟರಿಗೆ ಸುಮಾರು 24 ಗ್ರಾಂ ಸಕ್ಕರೆ, ಒಂದಿಷ್ಟು ಯೀಸ್ಟ್ ಸೇರಿಸಿ, ಬಾಟಲಿಗೆ ತುಂಬಿ ಮುಚ್ಚಳ ಬಿಗೀತಾರೆ. ಯೀಸ್ಟ್ ಸಕ್ಕರೆ ತಿಂದು ಬಿಟ್ಟ ಗ್ಯಾಸಿಗೆ ಹೊರಗೆ ಹೋಗೋಕೆ ದಾರಿಯೇ ಇಲ್ಲ, ವೈನಿನಲ್ಲೇ ಕರಗುತ್ತೆ. ಒಳಗಿನ ಒತ್ತಡ ಕಾರಿನ ಟೈರಿನ ಎರಡರಷ್ಟನ್ನೂ ದಾಟುತ್ತೆ. ಆಮೇಲೆ ನೆಲಮಾಳಿಗೆಯಲ್ಲಿ ಕಾಯೋದು: ಕನಿಷ್ಠ 15 ತಿಂಗಳು, ಒಂದೇ ವರ್ಷದ ಬೆಳೆಯ ಹೆಸರು ಹಾಕೋದಾದ್ರೆ 3 ವರ್ಷ. ಇದು ಅವರಿಷ್ಟ ಅಲ್ಲ, ನಿಯಮ. ನಂತರ ತಲೆಕೆಳಗು ಮಾಡಿ, ದಿನಾ ಚೂರು ಚೂರು ತಿರುಗಿಸಿ, ಸತ್ತ ಯೀಸ್ಟನ್ನ ಕುತ್ತಿಗೆಗೆ ಇಳಿಸ್ತಾರೆ. ಮೆಷಿನ್‌ಗೆ ಒಂದು ವಾರದ ಕೆಲಸ, ಕೈಯಲ್ಲಾದ್ರೆ ಹಲವು ವಾರ. ಕುತ್ತಿಗೆಯನ್ನ ಹೆಪ್ಪುಗಟ್ಟಿಸಿ ಮುಚ್ಚಳ ತೆಗೆದ್ರೆ ಆ ಗಷ್ಟು ತಾನೇ ಹೊರಗೆ ಹಾರುತ್ತೆ. ಕಡಿಮೆಯಾದಷ್ಟು ವೈನ್, ಬೇಕಿದ್ದರೆ ಸ್ವಲ್ಪ ಸಕ್ಕರೆ, ಮೇಲೆ ಕಾರ್ಕ್.

ಬಿಕಾಂನವರೇ, 15 ತಿಂಗಳ ವರ್ಕ್ ಇನ್ ಪ್ರೋಗ್ರೆಸ್! ಅಷ್ಟು ದಿನ ಸಿಕ್ಕಿಹಾಕಿಕೊಂಡ ದುಡ್ಡಿನ ಬಡ್ಡಿ ಯಾರು ಕೊಡ್ತಾರೆ? ಹಾಗಾಗಿ ರೇಟಿಗೆ ಕಾರಣ ಇದೆ. (ಬ್ರ್ಯಾಂಡ್ ದುಡ್ಡೂ ಇದೆ, ಇಲ್ಲ ಅನ್ನಲ್ಲ.)

ನನ್ನ ಜಗಳ ಬೇರೆ ಕಡೆ. ಅಲ್ಲಿ ದ್ರಾಕ್ಷಿಯನ್ನ ಕೈಯಲ್ಲೇ ಕೊಯ್ಯಬೇಕು, ಅದೂ ನಿಯಮ. 4000 ಕೆಜಿ ಹಣ್ಣಿಂದ 2550 ಲೀಟರ್‌ಗಿಂತ ಹೆಚ್ಚು ರಸ ಹಿಂಡುವಂತಿಲ್ಲ. ಇಷ್ಟು ಕರಾರುವಾಕ್ಕು ಇರೋ ಊರಲ್ಲಿ 2023ರ ಕೊಯ್ಲಿಗೆ ಬಂದ 50ಕ್ಕೂ ಹೆಚ್ಚು ಕೂಲಿಯವರನ್ನ, ಹೆಚ್ಚಿನವರು ಪಶ್ಚಿಮ ಆಫ್ರಿಕಾದವರು, ಮನುಷ್ಯರು ಇರೋಕೆ ಲಾಯಕ್ಕಿಲ್ಲದ ಕಡೆ ಇಟ್ಟಿದ್ರು. 2025ರಲ್ಲಿ ಅಲ್ಲಿನ ಕೋರ್ಟ್ ಮೂವರಿಗೆ ಮಾನವ ಕಳ್ಳಸಾಗಣೆ ಕೇಸಲ್ಲಿ ಶಿಕ್ಷೆ ಕೊಟ್ಟಿತು.

"ಯಾರೋ ಮೂವರು ಮಾಡಿದ್ದಕ್ಕೆ ಇಡೀ ಸೀಮೆನ ಬೈತೀಯಾ?" ಅಂತೀರಿ. ಬಾಟಲಿ ಎಲ್ಲಿ, ಎಷ್ಟು ದಿನ ಮಲಗಬೇಕು ಅಂತ ಬರೆದಿಡೋಕೆ ಬರುತ್ತೆ. ಕೊಯ್ಯೋರು ರಾತ್ರಿ ಎಲ್ಲಿ ಮಲಗಿದ್ರು ಅಂತ ಹೋಗಿ ನೋಡೋಕೆ ಬರಲ್ವಾ?

ಇಷ್ಟೆಲ್ಲ ದಾಟಿ ಬಂದದ್ದನ್ನ ನೀವು ಹತ್ತು ಸೆಕೆಂಡಿನ ರೀಲಿಗೆ ನೆಲಕ್ಕೆ ಸುರೀತೀರ. ಚಿಮ್ಮಿಸಲೇಬೇಕಾ? ಬೀದಿ ತುದಿಯಲ್ಲಿ ಗೋಲಿ ಸೋಡಾ ಸಿಗುತ್ತೆ, ಗ್ಯಾಸ್ ಜೋರಾಗೇ ಇರುತ್ತೆ.