ಹಳೆಯ ಕಾರಿನ ವ್ಯಾಪಾರವೂ ವರ್ತಕನ ಹೊಣೆಯೂ

ಇದ್ದದ್ದನ್ನು ಇದ್ದ ಹಾಗೆ ಮಾರಲಾಗಿದೆ, ಮುಂದೆ ಕಾಣಿಸಿಕೊಳ್ಳುವ ಯಾವ ದೋಷಕ್ಕೂ ಮಾರಿದವರು ಹೊಣೆಯಲ್ಲ ಎಂಬ ಅರ್ಥದ ವಾಕ್ಯವೊಂದು ಬಳಸಿದ ಕಾರುಗಳ ಅನೇಕ ಅಂಗಡಿಗಳ ರಸೀದಿಯ ಅಡಿಯಲ್ಲಿ ಸಣ್ಣ ಅಕ್ಷರಗಳಲ್ಲಿ ಅಚ್ಚಾಗಿರುತ್ತದೆ. ಕೊಳ್ಳುವವರು ಅದನ್ನು ಓದುವುದಿಲ್ಲ. ಮಾರುವವರು ಓದಿ ಹೇಳುವುದೂ ಇಲ್ಲ. ಕಾರು ಕೆಟ್ಟು ನಿಂತ ದಿನ ಮಾತ್ರ ಆ ವಾಕ್ಯಕ್ಕೆ ಶಾಸ್ತ್ರವಾಕ್ಯದ ಗೌರವ ಪ್ರಾಪ್ತವಾಗುತ್ತದೆ. ಅರಿತೂ ಮುಚ್ಚಿಟ್ಟ ದೋಷವನ್ನು ಇಂಥ ವಾಕ್ಯದ ಮರೆಯಲ್ಲಿ ಮಾರುವುದಕ್ಕೆ ವ್ಯಾಪಾರವೆಂಬ ಹೆಸರು ಸಲ್ಲದು, ಅದು ಚೌರ್ಯ. ಅದನ್ನು ಮೌನವಾಗಿ ಸಹಿಸುವ ಗೃಹಸ್ಥರೂ ಧರ್ಮದರ್ಶಿಗಳೂ ಆ ಚೌರ್ಯಕ್ಕೆ ನೀರೆರೆಯುತ್ತಿದ್ದಾರೆ.

ಶಿರಾ ತಾಲ್ಲೂಕಿನ ಪಟ್ಟನಾಯಕನಹಳ್ಳಿಯ ಒಂದು ಕುಟುಂಬವನ್ನು ಉದಾಹರಣೆಗಾಗಿ ಕಲ್ಪಿಸಿಕೊಳ್ಳಬಹುದು. ಕಡಲೆಕಾಯಿ ಮಾರಿದ ಹಣಕ್ಕೆ ಸ್ವಲ್ಪ ಸಾಲ ಸೇರಿಸಿ, ಬೆಂಗಳೂರಿನ ವರ್ತಕನೊಬ್ಬನಿಂದ ಮೂರೂವರೆ ಲಕ್ಷ ರೂಪಾಯಿಗೆ ಎಂಟು ವರ್ಷದ ಡೀಸೆಲ್ ಕಾರು ಕೊಂಡರು. ಮೀಟರಿನಲ್ಲಿ 62,000 ಕಿ.ಮೀ. ಹನ್ನೆರಡನೆಯ ದಿನ ತುಮಕೂರು ದಾಟುವುದರೊಳಗೆ ಎಂಜಿನ್ ಕಾದು ಕಾರು ನಿಂತಿತು. ಊರಿನ ಮೆಕ್ಯಾನಿಕ್ ಬಿಚ್ಚಿ ನೋಡಿದರೆ ಹೆಡ್ ಗ್ಯಾಸ್ಕೆಟ್ ಎಂದೋ ಸುಟ್ಟಿದೆ. ರೇಡಿಯೇಟರಿನೊಳಗೆ ಸೋರಿಕೆ ಮುಚ್ಚುವ ಪುಡಿ ಗಟ್ಟಿಯಾಗಿ ಕೂತಿದೆ. ಕಂಪನಿಯ ಸರ್ವಿಸ್ ಕೇಂದ್ರದಲ್ಲಿ ವಿಚಾರಿಸಿದರೆ ಎರಡು ವರ್ಷದ ಹಿಂದೆಯೇ ಅದು 1,10,000 ಕಿ.ಮೀ. ಓಡಿದ ದಾಖಲೆಯಿದೆ. ವರ್ತಕನಿಗೆ ದೂರವಾಣಿ ಮಾಡಿದಾಗ ಬರುವ ಉತ್ತರವನ್ನು ಓದುಗರು ಊಹಿಸಬಲ್ಲರು: "ಹಳೇ ಗಾಡಿ ಅಂದ ಮೇಲೆ ಇದೆಲ್ಲ ಇದ್ದದ್ದೇ ಸ್ವಾಮಿ. ನೀವೇ ಓಡಿಸಿ ನೋಡಿ ಸಹಿ ಮಾಡಿದ್ದೀರಿ. ನಾವು ಮಧ್ಯದವರು ಅಷ್ಟೆ."

ಈ ಉತ್ತರದಲ್ಲಿ ಮೂರು ವಾದಗಳಿವೆ. ಮೊದಲನೆಯದರಲ್ಲಿ ಅರ್ಧ ಸತ್ಯವಿದೆ. ಟೈರು, ಬ್ಯಾಟರಿ, ಬ್ರೇಕ್ ಪ್ಯಾಡು, ಕ್ಲಚ್ಚು ಇವು ಸವೆಯುವ ವಸ್ತುಗಳು. ಎಂಟು ವರ್ಷದ ಕಾರು ಕೊಂಡು ಹೊಸ ಕಾರಿನ ಮೌನವನ್ನು ಬಯಸುವ ಗ್ರಾಹಕನಿಗೆ ಯಾರೂ ಪಕ್ಷವಹಿಸಬೇಕಿಲ್ಲ. ಆದರೆ ಸವೆತ ಬೇರೆ, ಮರೆಮಾಚಿದ ದೋಷ ಬೇರೆ. ಸುಟ್ಟ ಗ್ಯಾಸ್ಕೆಟ್ ವಯಸ್ಸಿನ ಫಲವಿರಬಹುದು. ರೇಡಿಯೇಟರಿಗೆ ಬಿದ್ದ ಪುಡಿಯನ್ನು ಸುರಿದದ್ದು ಒಂದು ಕೈ. ಹಿಂದಕ್ಕೆ ಸರಿದ ಮೀಟರು ತಾನಾಗಿ ಸರಿಯುವುದಿಲ್ಲ. ಅಚೌರ್ಯಾಣುವ್ರತದ ಅತಿಚಾರಗಳಲ್ಲಿ ಪ್ರತಿರೂಪಕ ವ್ಯವಹಾರವನ್ನೂ, ಸತ್ಯಾಣುವ್ರತದ ಅತಿಚಾರಗಳಲ್ಲಿ ಕೂಟಲೇಖಕ್ರಿಯೆಯನ್ನೂ ಎಣಿಸಿದ ಆಚಾರ್ಯರು ಮೋಟಾರು ವಾಹನವನ್ನು ಕಂಡವರಲ್ಲ. ಆದರೂ ಹೀನವಸ್ತುವನ್ನು ಉತ್ತಮವೆಂದು ದಾಟಿಸುವ ವರ್ತಕನನ್ನೂ ಸುಳ್ಳು ಲೆಕ್ಕ ಬರೆಯುವ ಕೈಯನ್ನೂ ಅವರು ಚೆನ್ನಾಗಿ ಬಲ್ಲವರಾಗಿದ್ದರು.

ಎರಡನೆಯದು ಸಹಿಯ ವಾದ. 1930ರ ಸರಕು ಮಾರಾಟ ಅಧಿನಿಯಮದ 16ನೆಯ ಕಲಮು ಕೊಳ್ಳುವವನೇ ಎಚ್ಚರದಿಂದಿರಬೇಕೆಂಬ ಸಾಮಾನ್ಯ ನಿಯಮವನ್ನು ಒಪ್ಪುತ್ತದೆ. ಆದರೆ ಆ ಬಗೆಯ ಸರಕನ್ನೇ ವ್ಯಾಪಾರ ಮಾಡುವವನಿಂದ ವರ್ಣನೆಯನ್ನು ನಂಬಿ ಕೊಂಡಾಗ ಅದು ಮಾರಾಟಯೋಗ್ಯ ಗುಣಮಟ್ಟದ್ದಾಗಿರಬೇಕೆಂಬ ಷರತ್ತು ಒಪ್ಪಂದದಲ್ಲಿ ಅಡಗಿದೆಯೆಂದೂ ಹೇಳುತ್ತದೆ. ಪರೀಕ್ಷಿಸಿ ಕೊಂಡಿದ್ದರೆ, ಆ ಪರೀಕ್ಷೆಯಿಂದ ತಿಳಿಯಬೇಕಾಗಿದ್ದ ದೋಷಗಳಿಗೆ ಮಾತ್ರ ವಿನಾಯಿತಿ. ಅಂಗಡಿಯ ಸುತ್ತ ಎರಡು ಕಿಲೋಮೀಟರ್ ಓಡಿಸಿದವನಿಗೆ ಗ್ಯಾಸ್ಕೆಟ್ಟಿನ ಒಳಗುಟ್ಟು ಹೇಗೆ ತಿಳಿದೀತು? ಅಡಕವಾದ ಷರತ್ತನ್ನು ಒಪ್ಪಂದದ ಮೂಲಕ ತೆಗೆದುಹಾಕಲು 62ನೆಯ ಕಲಮು ಅವಕಾಶ ಕೊಡುವುದು ನಿಜ. ರಸೀದಿಯ ಸಣ್ಣ ಅಕ್ಷರಗಳ ಬಲವೆಲ್ಲ ಅಷ್ಟೇ. ತನಗೆ ತಿಳಿದ ಸಂಗತಿಯನ್ನು ಕ್ರಿಯಾಪೂರ್ವಕವಾಗಿ ಮರೆಮಾಚುವುದನ್ನು 1872ರ ಕರಾರು ಅಧಿನಿಯಮದ 17ನೆಯ ಕಲಮು ವಂಚನೆಯೆಂದೇ ಕರೆದಿದೆ. ವಂಚನೆಯಿಂದ ಪಡೆದ ಒಪ್ಪಿಗೆಯನ್ನು ವಂಚಿತನಾದವನು ರದ್ದುಪಡಿಸಬಹುದೆಂದು 19ನೆಯ ಕಲಮು ಹೇಳುತ್ತದೆ.

"ನಾವು ಮಧ್ಯದವರು" ಎಂಬ ಮೂರನೆಯ ವಾದ ಎಲ್ಲಕ್ಕಿಂತ ದುರ್ಬಲ. 2022ರ ಡಿಸೆಂಬರಿನಲ್ಲಿ ತಿದ್ದುಪಡಿಯಾಗಿ 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ಕೇಂದ್ರ ಮೋಟಾರು ವಾಹನ ನಿಯಮಗಳು, ನೋಂದಾಯಿತ ವಾಹನಗಳನ್ನು ಕೊಂಡು ಮಾರುವವರು ಸಾರಿಗೆ ಇಲಾಖೆಯಿಂದ ಅಧಿಕಾರಪತ್ರ ಪಡೆಯುವ ವ್ಯವಸ್ಥೆಯನ್ನು ತಂದವು. ಹಳೆಯ ಮಾಲೀಕ ವಾಹನವನ್ನು ಒಪ್ಪಿಸಿದ್ದನ್ನು ನಮೂನೆ 29ಸಿಯಲ್ಲಿ ತಿಳಿಸಿದ ಮೇಲೆ ಅಧಿಕೃತ ವರ್ತಕನನ್ನೇ ಮಾಲೀಕನೆಂದು ಅವು ಪರಿಗಣಿಸುತ್ತವೆ. ತೆರಿಗೆಯ ಮಾತೂ ಹಾಗೆಯೇ: 2025ರ ಜನವರಿಯಿಂದ ನೋಂದಾಯಿತ ವರ್ತಕನು ಕೊಂಡ ಬೆಲೆಗೂ ಮಾರಿದ ಬೆಲೆಗೂ ನಡುವಿನ ಅಂತರದ ಮೇಲೆ ಶೇ. 18ರಷ್ಟು ಜಿಎಸ್‌ಟಿ ಕಟ್ಟಬೇಕಾಗಿದೆ. ಲಾಭದ ಲೆಕ್ಕದಲ್ಲಿ ಮಾರಾಟಗಾರನಾಗಿದ್ದವನು ದೂರಿನ ಹೊತ್ತಿಗೆ ದಲ್ಲಾಳಿಯಾಗುವುದು ವಿಚಿತ್ರ ರೂಪಾಂತರ.

ಅಮೆರಿಕದ ಅರ್ಥಶಾಸ್ತ್ರಜ್ಞ ಜಾರ್ಜ್ ಅಕರ್ಲಾಫ್ 1970ರಲ್ಲಿ ಪ್ರಕಟಿಸಿದ, ಮುಂದೆ 2001ರಲ್ಲಿ ಅವರಿಗೆ ನೊಬೆಲ್ ಪುರಸ್ಕಾರ ತಂದುಕೊಟ್ಟ ಪ್ರಬಂಧದ ಮುಖ್ಯ ನಿದರ್ಶನವೇ ಹಳೆಯ ಕಾರಿನ ಸಂತೆ. ವಸ್ತುವಿನ ಗುಣ ಮಾರುವವನಿಗೆ ಮಾತ್ರ ತಿಳಿದಿದ್ದು ಕೊಳ್ಳುವವನಿಗೆ ತಿಳಿಯದಿದ್ದರೆ, ಕೊಳ್ಳುವವನು ಎಲ್ಲ ಕಾರುಗಳನ್ನೂ ಸಂಶಯದಿಂದ ನೋಡಿ ಕಡಿಮೆ ಬೆಲೆ ಹೇಳುತ್ತಾನೆ. ಆ ಬೆಲೆಗೆ ಒಳ್ಳೆಯ ಕಾರು ಮಾರಲು ಯಾರೂ ಮುಂದೆ ಬರುವುದಿಲ್ಲ. ಸಂತೆಯಲ್ಲಿ ಕೆಟ್ಟ ಕಾರುಗಳೇ ಉಳಿಯುತ್ತವೆ. ಆದ್ದರಿಂದ ವಂಚಕ ವರ್ತಕ ಹಾಳುಮಾಡುವುದು ಒಬ್ಬ ಗ್ರಾಹಕನನ್ನಷ್ಟೇ ಅಲ್ಲ, ಪಕ್ಕದ ಪ್ರಾಮಾಣಿಕ ವರ್ತಕನ ಅನ್ನವನ್ನೂ. ಬ್ರಿಟನ್ನಿನಲ್ಲಿ 2015ರ ಗ್ರಾಹಕ ಹಕ್ಕುಗಳ ಕಾನೂನು ವರ್ತಕನಿಂದ ಕೊಂಡ ಹಳೆಯ ಕಾರಿಗೂ ಅನ್ವಯಿಸುತ್ತದೆ. ದೋಷಯುಕ್ತ ಕಾರನ್ನು ಮೂವತ್ತು ದಿನಗಳೊಳಗೆ ಹಿಂದಿರುಗಿಸಬಹುದು. ಅಲ್ಲಿನ ವ್ಯಾಪಾರ ಅದರಿಂದ ಮುಳುಗಿ ಹೋಗಲಿಲ್ಲ.

ಹೀಗಿದ್ದೂ ಪಟ್ಟನಾಯಕನಹಳ್ಳಿಯ ಆ ಕುಟುಂಬ ಏನು ಮಾಡುತ್ತದೆ? ಹೆಚ್ಚಿನ ಪಕ್ಷ ಸುಮ್ಮನಾಗುತ್ತದೆ. "ಹೋಗಲಿ, ನಮ್ಮ ಕರ್ಮ" ಎಂದು ಹಿರಿಯರು ಹೇಳುತ್ತಾರೆ. ಬಂಧುಗಳು ಉತ್ತಮ ಕ್ಷಮೆಯ ಮಾತೆತ್ತುತ್ತಾರೆ. ಇಲ್ಲಿ ನಿಷ್ಠುರವಾಗಿ ಹೇಳಲೇಬೇಕು: ಕಚೇರಿ ಅಲೆಯುವ ಆಲಸ್ಯಕ್ಕೂ ನಾಲ್ಕು ಜನರ ಮುಂದೆ ಮೋಸಹೋದವರೆನಿಸಿಕೊಳ್ಳುವ ನಾಚಿಕೆಗೂ ಕ್ಷಮೆಯ ಹೆಸರಿಡುವುದು ಆ ಗುಣಕ್ಕೆ ಮಾಡುವ ಅಪಚಾರ. ಕ್ಷಮೆಯೆಂದರೆ ಕ್ರೋಧದ ತ್ಯಾಗ. ದ್ವೇಷವಿಲ್ಲದೆ, ಕಟುನುಡಿಯಿಲ್ಲದೆ, ನ್ಯಾಯವಾಗಿ ಬರಬೇಕಾದ ದುರಸ್ತಿಯನ್ನು ಕೇಳುವುದಕ್ಕೆ ಕ್ರೋಧ ಬೇಕಾಗಿಲ್ಲ. ಒಂದು ಹಾಳೆ, ಒಂದು ಲೇಖನಿ ಸಾಕು. ಕೇಳದೆ ಬಿಟ್ಟರೆ ಅದೇ ಪುಡಿ ಮತ್ತೊಂದು ರೇಡಿಯೇಟರಿಗೆ ಬೀಳುತ್ತದೆ.

ಕೇಳುವ ಕ್ರಮವೂ ಉಂಟು. ದೋಷ ಕಂಡೊಡನೆ ಕಾರನ್ನು ಓಡಿಸುವುದನ್ನು ನಿಲ್ಲಿಸಬೇಕು. ಇಲ್ಲವಾದರೆ ಹಾನಿ ಯಾರಿಂದಾಯಿತೆಂಬ ಜಗಳಕ್ಕೆ ದಾರಿಯಾಗುತ್ತದೆ. ಮೇಲಿನ ಕುಟುಂಬ ವರ್ತಕನಿಗೆ ತಿಳಿಸುವ ಮೊದಲೇ ಎಂಜಿನ್ ಬಿಚ್ಚಿಸಿದ್ದು ತಪ್ಪು. ಮೊದಲು ಬರವಣಿಗೆಯಲ್ಲಿ ತಿಳಿಸಿ, ಪರೀಕ್ಷಿಸಲು ಅವನಿಗೆ ಅವಕಾಶ ಕೊಟ್ಟು, ಆಮೇಲೆ ಸ್ವತಂತ್ರ ಮೆಕ್ಯಾನಿಕ್‌ನಿಂದ ಸಹಿಯುಳ್ಳ ವರದಿ ಪಡೆಯಬೇಕು. ಜಾಹೀರಾತಿನ ಪ್ರತಿ, ವಾಟ್ಸ್‌ಆಪ್ ಸಂದೇಶಗಳು, ಹಣ ಸಂದಾಯದ ದಾಖಲೆ, ಸರ್ವಿಸ್ ಚರಿತ್ರೆ ಇವನ್ನೆಲ್ಲ ಒಟ್ಟುಗೂಡಿಸಿ, ಸ್ವಂತ ಖರ್ಚಿನಲ್ಲಿ ದುರಸ್ತಿ ಮಾಡಿಕೊಡಬೇಕು ಅಥವಾ ಕಾರನ್ನು ಹಿಂಪಡೆದು ಹಣ ಕೊಡಬೇಕು ಎಂದು ಹದಿನೈದು ದಿನಗಳ ಗಡುವಿನ ಪತ್ರವನ್ನು ಸ್ಪೀಡ್ ಪೋಸ್ಟಿನಲ್ಲಿ ಕಳುಹಿಸಬೇಕು. ಮರ್ಯಾದೆಯುಳ್ಳ ಅನೇಕ ವರ್ತಕರು ಈ ಹಂತದಲ್ಲೇ ದಾರಿಗೆ ಬರುತ್ತಾರೆ. 1915 ಸಂಖ್ಯೆಯ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯೂ ಉಂಟು. ಪತ್ರ ಮಾರಿದವನಿಗೇ ಹೋಗಲಿ, ತಯಾರಕ ಕಂಪನಿಗಲ್ಲ: 2009ರಲ್ಲಿ ತಯಾರಾಗಿ ಓಡಿದ್ದ ಕಾರನ್ನು 2011ರ ಹೊಸ ಕಾರೆಂದು ಗೋವಾದ ಗ್ರಾಹಕರೊಬ್ಬರಿಗೆ ದಾಟಿಸಿದ ಪ್ರಕರಣದಲ್ಲಿ, ತಯಾರಕರಿಗೆ ಅದು ತಿಳಿದಿತ್ತೆಂಬುದಕ್ಕೆ ಪುರಾವೆಯಿಲ್ಲದೆ ಅವರನ್ನು ಹೊಣೆಮಾಡಲಾಗದೆಂದು 2021ರಲ್ಲಿ ಸರ್ವೋಚ್ಚ ನ್ಯಾಯಾಲಯ ಹೇಳಿತು.

ಪತ್ರಕ್ಕೆ ಉತ್ತರ ಬಾರದಿದ್ದರೆ ಜಿಲ್ಲಾ ಗ್ರಾಹಕ ಆಯೋಗ. 2019ರ ಗ್ರಾಹಕ ಸಂರಕ್ಷಣಾ ಅಧಿನಿಯಮದ ಮೇರೆಗೆ ದೂರುದಾರನು ತಾನು ವಾಸಿಸುವ ಸ್ಥಳದಲ್ಲೇ ದೂರು ಕೊಡಬಹುದು. ವರ್ತಕ ಬೆಂಗಳೂರಿನವನಾದರೂ ಪಟ್ಟನಾಯಕನಹಳ್ಳಿಯವರಿಗೆ ತುಮಕೂರೇ ಸಾಕು. ಐದು ಲಕ್ಷ ರೂಪಾಯಿವರೆಗಿನ ಖರೀದಿಗೆ ಶುಲ್ಕವಿಲ್ಲ, ವಕೀಲರು ಕಡ್ಡಾಯವಲ್ಲ, ಅವಧಿ ಎರಡು ವರ್ಷ. ಮೂರು ತಿಂಗಳಲ್ಲಿ, ವಸ್ತುವಿನ ಪರೀಕ್ಷೆ ಬೇಕಾದರೆ ಐದು ತಿಂಗಳಲ್ಲಿ ತೀರ್ಮಾನಿಸಲು ಯತ್ನಿಸಬೇಕೆಂದು ಕಾನೂನು ಹೇಳುತ್ತದೆ; ವಾಸ್ತವದಲ್ಲಿ ಹೆಚ್ಚು ಕಾಲ ಹಿಡಿಯುವುದುಂಟು. ಬಿಲ್ಲು ಕೊಡದಿರುವುದನ್ನೂ ಇದೇ ಅಧಿನಿಯಮ ಅನುಚಿತ ವ್ಯಾಪಾರ ಪದ್ಧತಿಯೆಂದು ಗಣಿಸಿದೆ. ಆದರೆ ತೆರಿಗೆ ಉಳಿಸಲೆಂದು ಬಿಲ್ಲೇ ಬೇಡವೆಂದ ಗ್ರಾಹಕ ಯಾವ ಮುಖವಿಟ್ಟುಕೊಂಡು ಆಯೋಗದ ಮುಂದೆ ನಿಲ್ಲಬೇಕು?

ಬಸದಿಗಳ ಟ್ರಸ್ಟುಗಳ ಸ್ಥಿತಿ ಇನ್ನೂ ಸೂಕ್ಷ್ಮ. ಮುನಿಸಂಘದ ವಿಹಾರಕಾಲದಲ್ಲಿ ಶ್ರಾವಕರ ಚೌಕದ ಸಾಮಗ್ರಿ ಸಾಗಿಸಲು ಹಳೆಯ ವ್ಯಾನು ಕೊಳ್ಳುವ ಧರ್ಮದರ್ಶಿಗಳು, ಅದು ಕೆಟ್ಟರೆ "ಹೋಗಲಿ" ಎನ್ನಲು ಅಧಿಕಾರವುಳ್ಳವರಲ್ಲ. ಹೋಗುತ್ತಿರುವುದು ಅವರ ಹಣವಲ್ಲ, ಕಾಣಿಕೆ ಹಾಕಿದವರ ಹಣ. ಇನ್ನೊಂದು ತೊಡಕೂ ಇದೆ. ಪ್ರತಿಭಾ ಪ್ರತಿಷ್ಠಾನ ಪ್ರಕರಣದಲ್ಲಿ 2017ರಲ್ಲಿ ಸರ್ವೋಚ್ಚ ನ್ಯಾಯಾಲಯವು, 1986ರ ಹಳೆಯ ಗ್ರಾಹಕ ಅಧಿನಿಯಮದ ಪ್ರಕಾರ ಟ್ರಸ್ಟು ದೂರು ಕೊಡಲು ಅರ್ಹವಾದ ಗ್ರಾಹಕನಲ್ಲವೆಂದು ತೀರ್ಪಿತ್ತಿತು. 2019ರ ಅಧಿನಿಯಮದ ವ್ಯಾಖ್ಯೆಯಲ್ಲಿ ಕೃತಕ ನ್ಯಾಯಿಕ ವ್ಯಕ್ತಿಗಳೂ ಸೇರಿರುವುದರಿಂದ ವಾದಕ್ಕೆ ಎಡೆಯುಂಟು. ಆದರೂ ವರ್ತಕನ ವಕೀಲರು ಮೊದಲು ಎತ್ತುವ ಆಕ್ಷೇಪ ಅದೇ. ಆದ್ದರಿಂದ ಟ್ರಸ್ಟುಗಳು ಕೊಳ್ಳುವ ಮುನ್ನವೇ ಎಂಜಿನ್ ಮತ್ತು ಗೇರ್ ಪೆಟ್ಟಿಗೆಗೆ ಇಂತಿಷ್ಟು ತಿಂಗಳ ಲಿಖಿತ ಭರವಸೆ ಪಡೆದು, ಅದನ್ನು ಸಭೆಯ ನಡವಳಿ ಪುಸ್ತಕದಲ್ಲಿ ದಾಖಲಿಸಬೇಕು. ಹಾಗಿದ್ದರೆ ಸಿವಿಲ್ ನ್ಯಾಯಾಲಯದಲ್ಲಾದರೂ ಕೈ ಬಲವಾಗಿರುತ್ತದೆ.

ಕೊನೆಗೆ, ಕಹಿಯಾದರೂ ಕೇಳಲೇಬೇಕಾದ ಪ್ರಶ್ನೆಯೊಂದಿದೆ. ಆ ಡೀಸೆಲ್ ಕಾರು ವರ್ತಕನ ಅಂಗಡಿಗೆ ಬಂದದ್ದಾದರೂ ಎಲ್ಲಿಂದ? ಯಾರೋ ಗೃಹಸ್ಥರ ಮನೆಯಿಂದಲೇ. ಹೊಸ ಕಾರಿಗೆ ಹಳೆಯದನ್ನು ಬದಲಾಯಿಸಿಕೊಳ್ಳುವಾಗ ಎಂಜಿನ್ ಕಾಯುವ ಸಂಗತಿಯನ್ನು ಹೇಳದೆ ಹತ್ತು ಸಾವಿರ ಹೆಚ್ಚು ಪಡೆದದ್ದನ್ನು ಮನೆಯಲ್ಲಿ ಜಾಣತನವೆಂದು ಹೇಳಿಕೊಂಡವರು ಈ ಪುಟಗಳ ಓದುಗರಲ್ಲೂ ಇದ್ದಾರು. ಅಂಥವರಿಗೆ ವರ್ತಕನನ್ನು ಹಳಿಯುವ ಅಧಿಕಾರವಿಲ್ಲ. ಕಾರು ಕೊಡುವಾಗ ಓಡಿದ ಕಿಲೋಮೀಟರು, ಆದ ಅಪಘಾತ, ಬದಲಿಸಿದ ಭಾಗ, ತಿಳಿದ ದೋಷ ಇವನ್ನು ಒಂದು ಹಾಳೆಯಲ್ಲಿ ಬರೆದು, ನಮೂನೆ 29ಸಿಯ ಜೊತೆಗೆ ಅದಕ್ಕೂ ವರ್ತಕನ ಸಹಿ ಪಡೆದು ಒಂದು ಪ್ರತಿ ಇಟ್ಟುಕೊಳ್ಳುವುದು ಕಾಲು ಗಂಟೆಯ ಕೆಲಸ. ಆರು ತಿಂಗಳ ತರುವಾಯ ಕೊಂಡವರು ಸರ್ವಿಸ್ ದಾಖಲೆಯ ಜಾಡು ಹಿಡಿದು ಹಳೆಯ ಮಾಲೀಕರ ಮನೆಗೆ ಬಂದರೆ ಆ ಪ್ರತಿಯನ್ನು ಅವರ ಕೈಗಿಡಬಹುದು. ದೋಷ ತನಗೆ ತಿಳಿದಿರಲಿಲ್ಲವೆಂದು ಹೇಳಲು ಆಗ ವರ್ತಕನಿಗೆ ಬಾಯಿರುವುದಿಲ್ಲ.