ಬಾಡಿಗೆಯ ಹಣವೂ ಮನೆಯೊಡೆಯನ ಹೊಣೆಯೂ



ನಿಮ್ಮಲ್ಲಿ ಅನೇಕರು ಇಂದು ಧಾರವಾಡ, ದಾವಣಗೆರೆ, ಬೆಂಗಳೂರುಗಳಲ್ಲಿ ಮನೆ ಕಟ್ಟಿಸಿ, ಮಾಳಿಗೆಯ ಕೋಣೆಗಳನ್ನು ಕಾಲೇಜು ವಿದ್ಯಾರ್ಥಿಗಳಿಗೆ ಬಾಡಿಗೆಗೆ ಕೊಟ್ಟಿರುವಿರಿ. ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಆ ಕೋಣೆಯ ಕಿಟಕಿಯಿಂದ ಗಾಂಜಾದ ಹೊಗೆ ಹೊರಬಿದ್ದ ದಿನ ನೀವು ಮಾಡುವುದೇನು? ಈ ಪ್ರಶ್ನೆಗೆ ನಮ್ಮ ಸಮಾಜವು ಎರಡು ಉತ್ತರಗಳನ್ನು ಕಂಡುಕೊಂಡಿದೆ. ಎರಡೂ ಅನ್ಯಾಯದ ಉತ್ತರಗಳೇ.

ಮೊದಲನೆಯದು, ಕಂಡೂ ಕಾಣದಂತಿರುವುದು. "ಬಾಡಿಗೆ ತಿಂಗಳಿಗೆ ಸರಿಯಾಗಿ ಬರುತ್ತಿದೆ, ಒಳಗೆ ಏನಾದರೂ ಮಾಡಿಕೊಳ್ಳಲಿ" ಎನ್ನುವವರು ೧೯೮೫ರ ಮಾದಕ ದ್ರವ್ಯಗಳ ಕಾಯ್ದೆಯ ೨೫ನೆಯ ಕಲಮನ್ನು ಓದಿಲ್ಲ. ತಿಳಿದೂ ತಿಳಿದೂ ತನ್ನ ಮನೆಯನ್ನಾಗಲಿ ಕೋಣೆಯನ್ನಾಗಲಿ ಇಂಥ ಅಪರಾಧಕ್ಕೆ ಬಿಟ್ಟುಕೊಟ್ಟ ಒಡೆಯನಿಗೆ, ಆ ಅಪರಾಧಕ್ಕೆ ವಿಧಿಸಿದ ಶಿಕ್ಷೆಯೇ ಉಂಟು. ಗಾಂಜಾ ಸೇವನೆಗೆ ೬ ತಿಂಗಳವರೆಗಿನ ಸೆರೆ, ಇಲ್ಲವೆ ೧೦,೦೦೦ ರೂಪಾಯಿಗಳವರೆಗಿನ ದಂಡ, ಇಲ್ಲವೆ ಎರಡೂ. ಕೋಣೆಯು ಮಾರಾಟದ ಉಗ್ರಾಣವಾಗಿ, ೨೦ ಕಿಲೋ ಮೀರಿದ ಮಾಲು ಸಿಕ್ಕಿತೆಂದರೆ ಶಿಕ್ಷೆ ೧೦ ವರ್ಷಕ್ಕೆ ಕಡಿಮೆಯಿಲ್ಲ. "ನನಗೆ ತಿಳಿದಿರಲಿಲ್ಲ" ಎನ್ನಬಹುದೇ? ನೆರೆಯವರು ಮೂರು ಸಲ ಬಂದು ದೂರಿದ ಮೇಲೆ ಆ ಮಾತನ್ನು ಯಾರು ನಂಬಿಯಾರು?

ಎರಡನೆಯದು, ರಾತ್ರೋರಾತ್ರಿ ಹೊರದೂಡುವುದು. ಪರೀಕ್ಷೆಯ ಹಿಂದಿನ ರಾತ್ರಿ ಒಬ್ಬ ಹಳ್ಳಿಯ ಹುಡುಗನ ಟ್ರಂಕು, ಹಾಸಿಗೆ, ಪುಸ್ತಕಗಳು ಬೀದಿಯಲ್ಲಿ ಬಿದ್ದಿದ್ದುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಸೇದುತ್ತಿದ್ದವನು ಅವನಲ್ಲ, ಅವನ ಜೊತೆಗಾರ. ವಿಚಾರಿಸುವ ತಾಳ್ಮೆ ಯಾರಿಗಿತ್ತು? ಕಾನೂನು ಇದನ್ನೂ ಒಪ್ಪುವುದಿಲ್ಲ. ಕರಾರಿನಲ್ಲಿ ಬೇರೆ ಮಾತಿಲ್ಲದಿದ್ದರೆ, ೧೮೮೨ರ ಸ್ವತ್ತು ವರ್ಗಾವಣೆ ಕಾಯ್ದೆಯಂತೆ ತಿಂಗಳ ಬಾಡಿಗೆದಾರನಿಗೆ ೧೫ ದಿನಗಳ ಲಿಖಿತ ನೋಟೀಸು ಕೊಡಬೇಕು. ಬಲಾತ್ಕಾರದಿಂದ ಹೊರಹಾಕಲ್ಪಟ್ಟವನು ೬ ತಿಂಗಳೊಳಗೆ ದಾವೆ ಹೂಡಿ ಸ್ವಾಧೀನವನ್ನು ಮರಳಿ ಪಡೆಯಬಹುದು. ಅದಿರಲಿ, ಹೊರದೂಡಿದ ಹುಡುಗ ಎಲ್ಲಿಗೆ ಹೋಗುತ್ತಾನೆ? ಗಾಂಜಾ ಮಾರುವವನ ಬಾಗಿಲು ಮಾತ್ರ ಅವನಿಗಾಗಿ ಸದಾ ತೆರೆದಿರುತ್ತದೆ.

ಹಾಗಾದರೆ ಮಾಡಬೇಕಾದುದೇನು? ಹನ್ನೊಂದು ತಿಂಗಳ ಕರಾರು ಬರೆಯುವಾಗಲೇ ಈ ವಿಷಯವನ್ನು ಸ್ಪಷ್ಟವಾಗಿ ಬರೆಯಿಸಿರಿ. ಸಂಶಯ ಬಂದಾಗ ಹುಡುಗನನ್ನು ಕೂರಿಸಿಕೊಂಡು ಕೇಳಿರಿ, ತಂದೆತಾಯಿಗಳನ್ನು ಕರೆಯಿಸಿರಿ. ಮಾರಾಟ ನಡೆದಿದೆಯೆಂದು ಕಂಡರೆ ಒಂದು ದಿನವೂ ತಡೆಯದೆ ಪೊಲೀಸರಿಗೆ ತಿಳಿಸಿರಿ. ಅಲ್ಲಿ ದಾಕ್ಷಿಣ್ಯಕ್ಕೆ ಎಡೆಯಿಲ್ಲ. ಆದರೆ ಚಟಕ್ಕೆ ಬಿದ್ದವನ ಮಾತು ಬೇರೆ. ತಾನಾಗಿ ಸರಕಾರಿ ಅಥವಾ ಮಾನ್ಯತೆ ಪಡೆದ ಆಸ್ಪತ್ರೆಯಲ್ಲಿ ಚಿಕಿತ್ಸೆಗೆ ಒಳಗಾಗುವ ವ್ಯಸನಿಗೆ ಸೇವನೆಯ ಮೊಕದ್ದಮೆಯಿಂದ ರಕ್ಷಣೆಯನ್ನು ಅದೇ ಕಾಯ್ದೆಯ ೬೪-ಎ ಕಲಮು ಕೊಟ್ಟಿದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆಂದೇ ಪ್ರತ್ಯೇಕ ಕೇಂದ್ರವಿದೆ. ೧೪೪೪೬ಕ್ಕೆ ದೂರವಾಣಿ ಮಾಡಿದರೆ ಉಚಿತ ಸಲಹೆ ದೊರೆಯುತ್ತದೆ.

"ನಾವೇನು ಮನೆಯೊಡೆಯರೋ, ವಾರ್ಡನ್ನರೋ?" ಎಂದು ನೀವು ಕೇಳಬಹುದು. ಮಠದ ಪ್ರಸಾದನಿಲಯದಲ್ಲಿ ಉಂಡು ಓದಿದವರೇ, ನಿಮ್ಮ ಹದಿನೆಂಟನೆಯ ವಯಸ್ಸನ್ನು ಒಮ್ಮೆ ನೆನೆಯಿರಿ. ಅಂದು ನಿಮ್ಮ ತಪ್ಪನ್ನು ಕಂಡವರು ಕಣ್ಣು ಮುಚ್ಚಲಿಲ್ಲ, ಬಾಗಿಲನ್ನೂ ಮುಚ್ಚಲಿಲ್ಲ. ಗದರಿಸಿದರು, ತಿದ್ದಿದರು, ಮತ್ತೆ ಪಂಕ್ತಿಯಲ್ಲಿ ಕೂರಿಸಿದರು. ಆ ಋಣವು ಬಾಡಿಗೆಯ ರಸೀದಿಯಿಂದ ತೀರುವಂಥದಲ್ಲ.