ಮಕ್ಕಳ ಕಿವಿ, ಮಕ್ಕಳ ಮನಸ್ಸು

ತ್ರಿಪ್ಲಿಕೇನಿನಲ್ಲಿ ಮನೆ ಮಾಡಿದವರಿಗೆ ನಿಶ್ಶಬ್ದವೆಂಬುದು ನಿಘಂಟಿನ ಪದವೇ ಹೊರತು ಅನುಭವದ ವಸ್ತುವಲ್ಲ. ಬೆಳಗಿನ ಜಾವ ಪಾರ್ಥಸಾರಥಿ ಸ್ವಾಮಿ ದೇವಾಲಯದ ಗಂಟೆ, ವಾಲಾಜಾ ಮಸೀದಿಯ ಅಜಾನ್. ಹೊತ್ತೇರಿದಂತೆ ಹೈರೋಡಿನ ಬಸ್ಸು, ಆಟೋಗಳ ಹಾರನ್ನು. ಚೇಪಾಕದಲ್ಲಿ ಪಂದ್ಯವಿದ್ದ ದಿನ ಜನಸಮೂಹದ ಹುಯಿಲು. ಎಲ್ಲವೂ ಅಡಗಿದ ಮೇಲೆ, ಗಾಳಿ ಅನುಕೂಲವಾಗಿದ್ದರೆ, ಮರೀನಾದ ಅಲೆಗಳ ಮೊರೆತ. ನಾವು ದೊಡ್ಡವರು ಇವನ್ನೆಲ್ಲ ಕೇಳಿಯೂ ಕೇಳದಂತಿರಲು ಕಲಿತಿದ್ದೇವೆ. ಮಕ್ಕಳು ಕಲಿತಿಲ್ಲ.

ನನ್ನ ಮೊಮ್ಮಗಳಿಗೆ ಐದು ವರ್ಷ. ಅಡಿಗೆಮನೆಯಲ್ಲಿ ಮಿಕ್ಸಿ ತಿರುಗಿದೊಡನೆ ಕಿವಿ ಮುಚ್ಚಿಕೊಂಡು ಓಡುತ್ತಿದ್ದಳು. "ಅದಕ್ಕೇನೇ ಹೆದರ್ತೀಯ, ಸುಮ್ಮನಿರು" ಎಂದು ಗದರಿದವರಲ್ಲಿ ನಾನೂ ಒಬ್ಬ. ಒಂದು ದಿನ ಅವಳೇ ಹೇಳಿದಳು: "ತಾತ, ಅದು ನನ್ನ ಹೊಟ್ಟೆಯೊಳಗೆ ತಿರುಗುತ್ತೆ."

ಮಗುವಿನ ಮಾತು ಹುಸಿಯಲ್ಲ. ಕಣ್ಣಿಗೆ ರೆಪ್ಪೆಯುಂಟು, ಕಿವಿಗಿಲ್ಲ. ನಿದ್ರೆಯಲ್ಲೂ ಅದು ತೆರೆದೇ ಇರುತ್ತದೆ. ಥಟ್ಟನೆ ದೊಡ್ಡ ಸದ್ದಾದಾಗ, ಅದೇನೆಂದು ಬುದ್ಧಿಗೆ ತಿಳಿಯುವ ಮೊದಲೇ ಶರೀರ ಬೆಚ್ಚುತ್ತದೆ. ಅಡ್ರಿನಲಿನ್ ಎಂಬ ರಸವು ರಕ್ತಕ್ಕೆ ಸೇರಿ ಎದೆಬಡಿತ ಹೆಚ್ಚುತ್ತದೆ, ಅಂಗೈ ಬೆವರುತ್ತದೆ. ಸದ್ದು ಯಾವಾಗ ಬರುವುದೆಂದು ಮುಂಚೆಯೇ ತಿಳಿದಿದ್ದರೆ ಅಂಜಿಕೆ ಎಷ್ಟೋ ಇಳಿಯುತ್ತದೆ. ಈಗ ಸೊಸೆ ಮುಚ್ಚಳ ಹಿಡಿದುಕೊಂಡರೆ ಮಿಕ್ಸಿಯ ಗುಂಡಿ ತಿರುಗಿಸುವವಳು ನಮ್ಮ ಹುಡುಗಿಯೇ. (ಚಟ್ನಿ ಸ್ವಲ್ಪ ತರಿಯಾಗುತ್ತದೆ, ಸಹಿಸಿಕೊಂಡಿದ್ದೇವೆ.)

ಸಂಜೆ ಮಾಳಿಗೆಯ ಮೇಲೆ ಇಬ್ಬರೂ ಐದು ನಿಮಿಷ ಕಣ್ಣು ಮುಚ್ಚಿ ಕೂರುತ್ತೇವೆ. ಎಷ್ಟು ಸದ್ದು ಕೇಳಿತು, ಯಾವುದು ಹಿತ, ಯಾವುದು ಕಿರಿಕಿರಿ, ಮೈಯಲ್ಲಿ ಎಲ್ಲಿ ತಾಗಿತು ಎಂಬಿಷ್ಟೇ ಪ್ರಶ್ನೆ. ಉತ್ತರಕ್ಕೆ ಸರಿತಪ್ಪಿನ ತೀರ್ಪು ಕೊಡಕೂಡದು. ಕುಕ್ಕರಿನ ಸೀಟಿ ನನಗೆ ಊಟದ ಕರೆ. ಅವಳಿಗೋ ಶಾಲೆಯ ವ್ಯಾನು ಬರುವ ಗಡಿಬಿಡಿ. ಹದಿಮೂರನೆಯ ಶತಮಾನದ ಕೇಶಿರಾಜನು 'ಶಬ್ದಮಣಿದರ್ಪಣ'ದಲ್ಲಿ ಶಬ್ದದ್ರವ್ಯದ ಬಣ್ಣ ಬಿಳಿ ಎಂದಿದ್ದಾನೆ. ಇವಳನ್ನು ಕೇಳಿದರೆ ಆಟೋ ಹಾರನ್ನು ಕೆಂಪಂತೆ, ಸಮುದ್ರ ಬೂದುಬಣ್ಣವಂತೆ!

ಇಲ್ಲಿ ನಮ್ಮ ಭಾಷೆಯ ಉಪಕಾರ ದೊಡ್ಡದು. ಗುಡುಗುಡು, ಜಿಟಿಜಿಟಿ, ರಪರಪ, ಗುಂಯ್ ಮೊದಲಾದ, ವೈಯಾಕರಣರು ಅನುಕರಣಾವ್ಯಯಗಳೆಂದು ಕರೆದ ಮಾತುಗಳು, ಶಾಲೆಯಲ್ಲಿ ತಮಿಳು, ಇಂಗ್ಲಿಷ್ ಓದುವ ನಮ್ಮ ಮಕ್ಕಳಿಗೆ ಮನೆಯಲ್ಲಲ್ಲದೆ ದೊರೆಯುವುದು ಕಷ್ಟ. "ಭಯ" ಎಂದು ಹೇಳಲಾರದ ಮಗು "ಕರ್ರ್ ಅನ್ನುತ್ತೆ" ಎಂದು ಹೇಳಬಲ್ಲದು.

ಹಾಗೆಂದು ಎಲ್ಲ ಗದ್ದಲಕ್ಕೂ ಮಗು ಒಗ್ಗಿಕೊಳ್ಳಲಿ ಎಂಬುದು ನನ್ನ ವಾದವಲ್ಲ. 2000ದ ಶಬ್ದಮಾಲಿನ್ಯ ನಿಯಮಗಳಂತೆ ವಸತಿ ಪ್ರದೇಶದ ಮಿತಿ ಹಗಲು 55, ರಾತ್ರಿ 45 ಡೆಸಿಬೆಲ್. 10 ಡೆಸಿಬೆಲ್ ಏರಿತೆಂದರೆ ಶಬ್ದದ ಶಕ್ತಿ ಹತ್ತುಪಟ್ಟಾಯಿತೆಂದೇ ಅರ್ಥ. ದಿನನಿತ್ಯದ ಸಣ್ಣ ಸದ್ದಿಗೂ ಸದಾ ಕಿವಿ ಮುಚ್ಚಿಕೊಳ್ಳುವ, ಅಥವಾ ಕರೆದರೆ ತಿರುಗಿ ನೋಡದ ಮಗುವನ್ನು ವೈದ್ಯರಿಗೆ ತೋರಿಸಲು ತಡಮಾಡಬಾರದು.

ಇನ್ನು ನಮ್ಮವೇ ಸಮಾರಂಭಗಳು. ಧ್ವನಿವರ್ಧಕದ ಪೆಟ್ಟಿಗೆಯ ಎದುರಿಗೇ ಮಕ್ಕಳ ಸಾಲು! ಬರುವ ರಾಜ್ಯೋತ್ಸವಕ್ಕೆ ಆ ಸಾಲನ್ನು ಹಿಂದಕ್ಕೆ ಸರಿಸಬೇಕೆಂದು ಕಾರ್ಯಕಾರಿ ಸಮಿತಿಯನ್ನು ಪ್ರಾರ್ಥಿಸುತ್ತೇನೆ. ಮುಂದೆ ಕೂರಲು ನಾವು ಮುದುಕರಿದ್ದೇವೆ. ನಮಗೆ ಹೇಗೂ ಕಿವಿ ಮಂದ.